ಕೀರ್ತಿಯ ತಕ್ಕಡಿ

ಬಾಕ್ಸಿಂಗ್ ಪಂದ್ಯಕ್ಕೆ ಮುನ್ನ ಇಬ್ಬರು ಸ್ಪರ್ಧಿಗಳನ್ನೂ ತೂಗುತ್ತಾರೆ. ವಿಶ್ವ ಪಟ್ಟದ ಪಂದ್ಯವಾದರೆ ನಿಗದಿತ ಮಿತಿಗಿಂತ ಸ್ವಲ್ಪ ಹೆಚ್ಚಿದ್ದವನಿಗೂ ಆ ಪಟ್ಟ ದಕ್ಕುವುದಿಲ್ಲ. ಇಷ್ಟೊಂದು ಕಟ್ಟುನಿಟ್ಟು ಏಕೆ? ದೊಡ್ಡ ದೇಹದವನು ಚಿಕ್ಕ ದೇಹದವನನ್ನು ಬರೀ ಭಾರದ ಬಲದಿಂದ ಸೋಲಿಸಬಾರದು, ಗೆಲುವು ಕೌಶಲಕ್ಕೂ ಧೈರ್ಯಕ್ಕೂ ಪರಿಶ್ರಮಕ್ಕೂ ಸಲ್ಲಬೇಕು ಎಂಬ ನ್ಯಾಯಬುದ್ಧಿ ಇದರ ಹಿಂದಿದೆ. 1909ರಲ್ಲಿ ಲಂಡನ್ನಿನ ನ್ಯಾಷನಲ್ ಸ್ಪೋರ್ಟಿಂಗ್ ಕ್ಲಬ್ ಎಂಟು ತೂಕದ ವಿಭಾಗಗಳನ್ನು ಗೊತ್ತುಪಡಿಸಿತು. ಇಂದು ವೃತ್ತಿಪರ ಬಾಕ್ಸಿಂಗ್‌ನಲ್ಲಿ ಅವುಗಳ ಸಂಖ್ಯೆ ಅದರ ಎರಡು ಪಟ್ಟನ್ನು ದಾಟಿದೆ.

ಆದರೆ ಕಣದ ಹೊರಗೆ ಇನ್ನೊಂದು ತಕ್ಕಡಿಯಿದೆ. ಅದು ಜನರ ಕೈಯಲ್ಲಿರುವ ತಕ್ಕಡಿ. ಅದರಲ್ಲಿ ಬಾಕ್ಸರನ ಕೌಶಲದ ಜೊತೆಗೆ ಅವನ ದೇಶ, ಮೈಕಟ್ಟು, ಬಣ್ಣ ಎಲ್ಲವನ್ನೂ ಹಾಕಿ ತೂಗುತ್ತೇವೆ. ಕಣದಿಂದ ಎಚ್ಚರಿಕೆಯಿಂದ ಹೊರಹಾಕಿದ ಭಾರವೇ ಕೀರ್ತಿಯ ವಿಷಯ ಬಂದಾಗ ಮತ್ತೆ ಬಂದು ಕೂರುತ್ತದೆ. ಹುಟ್ಟಿದ ನೆಲವನ್ನಾಗಲಿ ಎಲುಬಿನ ಗಾತ್ರವನ್ನಾಗಲಿ ಯಾರೂ ಆರಿಸಿಕೊಳ್ಳುವುದಿಲ್ಲ. ಅಂಥ ಸಂಗತಿಗಳು ಒಬ್ಬ ಮನುಷ್ಯನಿಗೆ ಸಲ್ಲಬೇಕಾದ ಮನ್ನಣೆಯನ್ನು ನಿರ್ಧರಿಸುವುದು ಸರಿಯೇ? ಇದು ಕ್ರೀಡೆಗೆ ಮಾತ್ರ ಸೀಮಿತವಾದ ಪ್ರಶ್ನೆಯಲ್ಲ.

ಮೊದಲು ತೂಕದ ಮಾತು. ಒಂದೇ ದೇಶದ, ಒಂದೇ ಕಾಲದ ಇಬ್ಬರನ್ನು ನೋಡೋಣ. ಮೆಕ್ಸಿಕೋದ ಹುಲಿಯೋ ಸೀಸರ್ ಚಾವೆಝ್ 1993ರ ಫೆಬ್ರವರಿಯಲ್ಲಿ 63.5 ಕೆ.ಜಿ. ಮಿತಿಯ ವಿಭಾಗದಲ್ಲಿ ಹೋರಾಡಿದಾಗ ಮೆಕ್ಸಿಕೋ ಸಿಟಿಯ ಅಸ್ಟೆಕಾ ಕ್ರೀಡಾಂಗಣದಲ್ಲಿ 1,30,000ಕ್ಕೂ ಹೆಚ್ಚು ಜನ ಸೇರಿದ್ದರು. ಅದೇ ವರ್ಷಗಳಲ್ಲಿ ಅದೇ ದೇಶದ ರಿಕಾರ್ಡೊ ಲೊಪೆಝ್ 47.6 ಕೆ.ಜಿ. ಮಿತಿಯ ಅತಿ ಚಿಕ್ಕ ವಿಭಾಗದ ವಿಶ್ವ ಚಾಂಪಿಯನ್ ಆಗಿದ್ದ. 1990ರಲ್ಲಿ ಟೋಕಿಯೋದಲ್ಲಿ ಪಟ್ಟ ಗೆದ್ದ ಆತ ವರ್ಷಗಟ್ಟಲೆ ಅದನ್ನು ಬಿಟ್ಟುಕೊಡಲಿಲ್ಲ. ವೃತ್ತಿಜೀವನದ 52 ಪಂದ್ಯಗಳಲ್ಲಿ 51 ಗೆಲುವು, ಒಂದು ಸಮ. ಸೋಲು ಒಂದೂ ಇಲ್ಲ. ಚಾವೆಝ್ 1994ರಲ್ಲಿ ಮೊದಲ ಸೋಲು ಕಂಡ. ಹಾಗಿದ್ದರೂ ದೇಶದ ಆರಾಧ್ಯ ವ್ಯಕ್ತಿಯಾದದ್ದು ಚಾವೆಝ್. ಲೊಪೆಝ್ ಎಷ್ಟೋ ಸಲ ದೊಡ್ಡವರ ಪಂದ್ಯಕ್ಕೆ ಮುಂಚಿನ ಪಂದ್ಯವಾಡಿ ಹೋಗಬೇಕಾಯಿತು.

ಚಿಕ್ಕ ದೇಹದವರ ಹೊಡೆತಕ್ಕೆ ಬಲವಿಲ್ಲ, ಆದ್ದರಿಂದ ಅವರ ಪಂದ್ಯ ನೀರಸ ಎಂದು ಸಮರ್ಥಿಸುವವರಿದ್ದಾರೆ. ಲೊಪೆಝ್‌ನ 51 ಗೆಲುವುಗಳಲ್ಲಿ 38 ನಾಕೌಟ್‌ಗಳೇ. ಕಾರಣ ಬೇರೆ ಕಡೆ ಇದೆ. ಹೆವಿವೇಟ್ ಚಾಂಪಿಯನ್ನನನ್ನು ಕಂಡಾಗ, ಇವನು ಭೂಮಿಯ ಮೇಲಿರುವ ಯಾರನ್ನು ಬೇಕಾದರೂ ಉರುಳಿಸಬಲ್ಲ ಎಂಬ ಕಲ್ಪನೆ ನಮ್ಮಲ್ಲಿ ಮೂಡುತ್ತದೆ. 47 ಕೆ.ಜಿ.ಯವನನ್ನು ಕಂಡಾಗ ಹಾಗೆ ಅನಿಸುವುದಿಲ್ಲ. ನಾವು ಕಲೆಯನ್ನು ಮೆಚ್ಚುತ್ತಿದ್ದೇವೆ ಎಂದುಕೊಂಡು ಎಷ್ಟೋ ಸಲ ಬಲವನ್ನು ಮೆಚ್ಚುತ್ತಿರುತ್ತೇವೆ.

ಇದು ಮನುಷ್ಯ ಸ್ವಭಾವ, ಏನು ಮಾಡಲಾದೀತು ಎನ್ನಬಹುದೇ? ಹಾಗೆನ್ನಲೂ ಬರುವುದಿಲ್ಲ. 2024ರ ಮೇ ತಿಂಗಳಲ್ಲಿ ನವೋಯಾ ಇನೋವೆ ಎಂಬ ಬಾಕ್ಸರ್ ಟೋಕಿಯೋ ಡೋಮ್‌ನಲ್ಲಿ ಹೋರಾಡಿದಾಗ 40,000ಕ್ಕೂ ಹೆಚ್ಚು ಪ್ರೇಕ್ಷಕರಿದ್ದರು. ಅದು 55.3 ಕೆ.ಜಿ. ಮಿತಿಯ ವಿಭಾಗ. ಫಿಲಿಪ್ಪೀನ್ಸ್‌ನ ಪಾಂಚೊ ವಿಲ್ಲಾ 1923ರಲ್ಲಿ ನ್ಯೂಯಾರ್ಕಿನಲ್ಲಿ ಜಿಮ್ಮಿ ವೈಲ್ಡ್‌ನನ್ನು ಸೋಲಿಸಿ ಫ್ಲೈವೇಟ್ ವಿಶ್ವ ಚಾಂಪಿಯನ್ ಆದಾಗ ಅವನ ನಾಡಿನ ಜನರಿಗೆ ಅವನು ಚಿಕ್ಕವನಾಗಿ ಕಾಣಲಿಲ್ಲ. ಅವನದು ಅವರಂಥದೇ ಮೈಕಟ್ಟು. ಹೆವಿವೇಟ್ ಪಂದ್ಯವೇ ನಿಜವಾದ ಪಂದ್ಯ ಎಂಬ ಭಾವನೆ ಹರಡಿದ್ದು 20ನೇ ಶತಮಾನದ ಬಹುಭಾಗ ಬಾಕ್ಸಿಂಗ್‌ನ ಹಣ ಮತ್ತು ಪ್ರಚಾರ ಅಮೆರಿಕದ ಕೈಯಲ್ಲಿದ್ದುದರಿಂದ. ಯಾವ ದೇಹ ದೊಡ್ಡದು, ಯಾವುದು ಚಿಕ್ಕದು ಎಂಬುದನ್ನು ಕೂಡ ಒಂದು ದೇಶ ಎಲ್ಲರ ಪರವಾಗಿ ತೀರ್ಮಾನಿಸಿಬಿಟ್ಟಿತ್ತು.

ಮ್ಯಾನಿ ಪಾಕಿಯಾವೊನ ಬದುಕು ಇದನ್ನು ಇನ್ನಷ್ಟು ಸ್ಪಷ್ಟಪಡಿಸುತ್ತದೆ. 1998ರ ಡಿಸೆಂಬರ್‌ನಲ್ಲಿ ಥಾಯ್ಲೆಂಡಿನಲ್ಲಿ ಅವನು ಫ್ಲೈವೇಟ್ ವಿಶ್ವ ಪಟ್ಟ ಗೆದ್ದಾಗ ಅಮೆರಿಕದಲ್ಲಿ ಅವನ ಹೆಸರು ಬಲ್ಲವರು ವಿರಳ. ಅವನು ವಿಭಾಗದಿಂದ ವಿಭಾಗಕ್ಕೆ ತೂಕ ಏರಿಸಿಕೊಳ್ಳುತ್ತ ಹೋದ. 2008ರಲ್ಲಿ 66.7 ಕೆ.ಜಿ. ಮಿತಿಯಲ್ಲಿ ಆಸ್ಕರ್ ಡೆ ಲಾ ಹೋಯಾನನ್ನು ಮಣಿಸಿದ ಮೇಲೆ ಜಗತ್ತು ಅವನನ್ನು ಪೂರ್ತಿಯಾಗಿ ಕಣ್ಣೆತ್ತಿ ನೋಡಿತು. 2010ರ ಹೊತ್ತಿಗೆ ಎಂಟು ವಿಭಾಗಗಳಲ್ಲಿ ವಿಶ್ವ ಪಟ್ಟ ಗೆದ್ದಿದ್ದ. ಹೊಟ್ಟೆಪಾಡಿಗಾಗಿ ಪರದೇಶಗಳಲ್ಲಿ ದುಡಿಯುವ ಲಕ್ಷಾಂತರ ಫಿಲಿಪ್ಪೀನಿಯರು ಅವನಲ್ಲಿ ತಮ್ಮನ್ನೇ ಕಂಡರು. ಇಲ್ಲಿ ರಾಷ್ಟ್ರೀಯತೆ ಒಂದು ಆಸರೆಯಾಯಿತು. ಆದರೂ ಒಂದು ಪ್ರಶ್ನೆ ಉಳಿಯುತ್ತದೆ: ಫ್ಲೈವೇಟ್ ಆಗಿದ್ದಾಗ ಇಲ್ಲದ ಯಾವ ಪ್ರತಿಭೆ ಅವನಿಗೆ ನಂತರ ಬಂತು? ಬದಲಾದದ್ದು ಹೆಚ್ಚಾಗಿ ಅವನು ಎದುರಿಸಿದವರ ಗಾತ್ರ ಮತ್ತು ಅವರ ಮಾರುಕಟ್ಟೆ.

ದೇಶ ಒಂದೇ, ತೂಕ ಒಂದೇ ಆದರೂ ತಕ್ಕಡಿ ಸಮನಾಗುವುದೆಂಬ ಭರವಸೆಯಿಲ್ಲ. 1982ರ ಜೂನ್‌ನಲ್ಲಿ ಲಾಸ್ ವೇಗಸ್‌ನಲ್ಲಿ ಹೆವಿವೇಟ್ ಚಾಂಪಿಯನ್ ಲ್ಯಾರಿ ಹೋಮ್ಸ್ ಹಾಗೂ ಗೆರಿ ಕೂನಿ ಮುಖಾಮುಖಿಯಾದರು. ಇಬ್ಬರೂ ಅಮೆರಿಕದವರು. ಹೋಮ್ಸ್ ಕರಿಯ, ಕೂನಿ ಬಿಳಿಯ. ಪ್ರಚಾರವೆಲ್ಲ ಆ ಒಂದು ವ್ಯತ್ಯಾಸದ ಮೇಲೆ ನಿಂತಿತು. ಚಾಂಪಿಯನ್ನನನ್ನು ಕೊನೆಗೆ ಪರಿಚಯಿಸುವುದು ಬಾಕ್ಸಿಂಗ್‌ನ ಸಂಪ್ರದಾಯ. ಅಂದು ಅದನ್ನು ಮುರಿದು ಹೋಮ್ಸ್‌ನನ್ನು ಮೊದಲು ಕರೆದರು. ಹೋಮ್ಸ್ 13ನೇ ಸುತ್ತಿನಲ್ಲಿ ಗೆದ್ದ. ಕಣದಲ್ಲಿ ಗೆಲ್ಲಬಹುದಾದದ್ದನ್ನು ಗೆದ್ದ ಎನ್ನಬೇಕಷ್ಟೆ. ದೇಶದೊಳಗೂ ಯಾರು 'ನಮ್ಮವರು' ಎಂಬ ಲೆಕ್ಕ ಬೇರೆಯೇ ಇರುತ್ತದೆ.

ಈ ವಿಚಾರಕ್ಕೆ ಇನ್ನೊಂದು ಮುಖವೂ ಇದೆ. 1967ರಲ್ಲಿ ಮುಹಮ್ಮದ್ ಅಲಿ ವಿಯೆಟ್ನಾಂ ಯುದ್ಧದ ಕಾಲದಲ್ಲಿ ಸೇನೆಗೆ ಸೇರಲು ನಿರಾಕರಿಸಿದರು. ಪಟ್ಟ ಹೋಯಿತು. ಮೂರು ವರ್ಷಕ್ಕೂ ಹೆಚ್ಚು ಕಾಲ ಕಣದಿಂದ ದೂರವಿರಬೇಕಾಯಿತು. 1971ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಅವರ ಮೇಲಿನ ಶಿಕ್ಷೆಯನ್ನು ರದ್ದುಪಡಿಸಿತು. ಆ 'ಒಲ್ಲೆ' ಎಂಬ ಮಾತು ಲೋಕಕ್ಕೆಲ್ಲ ಕೇಳಿಸಿತು. ಅದೇ ಮಾತನ್ನು ಒಬ್ಬ ಫ್ಲೈವೇಟ್ ಬಾಕ್ಸರ್, ಅದೂ ಯಾವುದೋ ಬಡ ದೇಶದವನು ಆಡಿದ್ದರೆ ಕೇಳಿಸುತ್ತಿತ್ತೇ? ಅವನೂ ಅಷ್ಟೇ ನಷ್ಟ ಅನುಭವಿಸಿರುತ್ತಿದ್ದ, ಅಷ್ಟೇ ಧೈರ್ಯ ತೋರಿರುತ್ತಿದ್ದ. ಕೀರ್ತಿ ಅಂದರೆ ಹಣ ಮತ್ತು ಚಪ್ಪಾಳೆ ಮಾತ್ರವಲ್ಲ. ನಮ್ಮ ಮಾತಿಗೆ ಸಿಗುವ ಕಿವಿಯೂ ಹೌದು. ಅದನ್ನು ಹಂಚುವಲ್ಲಿ ಆಗುವ ತಪ್ಪು ಕ್ಷುಲ್ಲಕವಲ್ಲ.

ನಮ್ಮ ದೇಶಕ್ಕೆ ಬರೋಣ. ಮಣಿಪುರದ ಮೇರಿ ಕೋಮ್ 2002ರಿಂದ 2010ರೊಳಗೆ ಐದು ಸಲ ವಿಶ್ವ ಚಾಂಪಿಯನ್ ಆಗಿದ್ದರು. ಆದರೂ ಅವರ ಹೆಸರು ನಿಜಕ್ಕೂ ಮನೆಮಾತಾದದ್ದು 2012ರ ಲಂಡನ್ ಒಲಿಂಪಿಕ್ಸ್‌ನ ಕಂಚಿನ ಪದಕದಿಂದ. ಆ ಒಲಿಂಪಿಕ್ಸ್‌ನಲ್ಲಿ ಪುರುಷರಿಗೆ ಹತ್ತು ತೂಕದ ವಿಭಾಗಗಳಿದ್ದರೆ ಮಹಿಳೆಯರಿಗಿದ್ದದ್ದು ಮೂರೇ. ಅತಿ ಚಿಕ್ಕದು 51 ಕೆ.ಜಿ. ವಿಭಾಗ. 48 ಕೆ.ಜಿ. ಮತ್ತು ಅದಕ್ಕಿಂತ ಕಡಿಮೆ ತೂಕದಲ್ಲಿ ವಿಶ್ವವನ್ನು ಗೆದ್ದಾಕೆ ತನಗಿಂತ ದೊಡ್ಡ ದೇಹದವರೊಂದಿಗೆ ಸೆಣಸಬೇಕಾಯಿತು. ತಕ್ಕಡಿಯನ್ನು ಇಟ್ಟವರು ಎಲ್ಲರಿಗೂ ಜಾಗ ಇಟ್ಟಿರಲಿಲ್ಲ.

ಆಗಸ್ಟ್ 8ರಂದು ಅವರು ಸೆಮಿಫೈನಲ್ ಆಡಿದರು. ಕಂಚು ಬಂತು. ದೇಶವೆಲ್ಲ ಆಕೆ ನಮ್ಮ ಮಗಳು ಎಂದಿತು. ಅದಾಗಿ ಒಂದೇ ವಾರಕ್ಕೆ ನಮ್ಮ ಬೆಂಗಳೂರಿನಲ್ಲಿ ಏನಾಯಿತೆಂಬುದನ್ನು ನೆನಪಿಸಿಕೊಳ್ಳೋಣ. ಅಸ್ಸಾಮಿನ ಹಿಂಸಾಚಾರದ ಹಿನ್ನೆಲೆಯಲ್ಲಿ ಎಸ್ಸೆಮ್ಮೆಸ್ ಮೂಲಕ ವದಂತಿ ಹಬ್ಬಿತು. ಈಶಾನ್ಯ ರಾಜ್ಯಗಳ ಸಾವಿರಾರು ಯುವಕ ಯುವತಿಯರು ಕೆಲಸ, ಓದು ಬಿಟ್ಟು ಗುವಾಹಟಿಯ ರೈಲು ಹತ್ತಿದರು. ಮೇರಿ ಕೋಮ್‌ರಂಥದೇ ಮುಖದವರು ಈ ಊರು ತಮ್ಮನ್ನು ಕಾಯುತ್ತದೆಂದು ನಂಬಲಾರದೆ ಹೊರಟರು. ಪದಕ ತಂದವರು ನಮ್ಮವರು, ಹೋಟೆಲಿನಲ್ಲಿ ತಟ್ಟೆ ತರುವವರು ಹೊರಗಿನವರು ಎಂದಾದರೆ ಆ ಅಭಿಮಾನಕ್ಕೆ ಏನು ಬೆಲೆ?

ತನ್ನ ನಾಡಿನವನನ್ನು ಮೆಚ್ಚುವುದು ತಪ್ಪೇ ಎಂದು ಯಾರಾದರೂ ಕೇಳಬಹುದು. ಖಂಡಿತ ತಪ್ಪಲ್ಲ. ಪ್ರೀತಿಗೆ ಪಕ್ಷಪಾತ ಸಹಜ. ತಾಯಿ ತನ್ನ ಮಗುವನ್ನು ಪಕ್ಕದ ಮನೆಯ ಮಗುವಿಗಿಂತ ಹೆಚ್ಚು ಪ್ರೀತಿಸುತ್ತಾಳೆ, ಅದು ಅನ್ಯಾಯವಲ್ಲ. ಆದರೆ ಅದೇ ತಾಯಿ ಶಾಲೆಯಲ್ಲಿ ಅಧ್ಯಾಪಿಕೆಯಾಗಿ ಕುಳಿತು ತನ್ನ ಮಗುವಿಗೆ ಹೆಚ್ಚು ಅಂಕ ಕೊಟ್ಟರೆ ಅದು ಅನ್ಯಾಯ. ಪ್ರೀತಿ ಬೇರೆ, ತೀರ್ಪು ಬೇರೆ. ಬಾಕ್ಸರನ ಮೇಲಿನ ಅಭಿಮಾನ ನಮ್ಮ ಸ್ವಂತದ್ದು, ಅದನ್ನು ಯಾರಿಗೆ ಬೇಕಾದರೂ ಕೊಡಬಹುದು. ಆದರೆ ಇವನೇ ಶ್ರೇಷ್ಠ, ಅವನು ಲೆಕ್ಕಕ್ಕಿಲ್ಲ ಎಂಬ ಮಾತು ಬಾಯಿಂದ ಬಂದೊಡನೆ ನಾವು ತೀರ್ಪುಗಾರರ ಜಾಗದಲ್ಲಿ ಕೂತಿರುತ್ತೇವೆ. ಅಲ್ಲಿ ಪ್ರಾಮಾಣಿಕತೆ ಬೇಕು.

ಇಲ್ಲಿನ ಕಷ್ಟವೇನೆಂದರೆ ಯಾರೊಬ್ಬರನ್ನೂ ಅಪರಾಧಿ ಎಂದು ತೋರಿಸಲಾಗದು. ಟಿಕೆಟ್ ಕೊಳ್ಳದವನಾಗಲಿ, ಚಾನೆಲ್ ಬದಲಿಸಿದವನಾಗಲಿ ಯಾರಿಗೂ ದ್ರೋಹ ಬಗೆದಿಲ್ಲ. ಆದರೆ ಲಕ್ಷಾಂತರ ಜನರ ಇಂಥ ನಿರಪರಾಧಿ ಆಯ್ಕೆಗಳು ಕೂಡಿ ಒಬ್ಬನ ಜೀವಮಾನದ ದುಡಿಮೆಯನ್ನು ಮರೆವಿಗೆ ತಳ್ಳಬಲ್ಲವು. ಯಾರೂ ಮಾಡದ ಅನ್ಯಾಯಕ್ಕೆ ಯಾರೂ ಹೊಣೆಯಲ್ಲ ಎಂದು ಕೈತೊಳೆದುಕೊಳ್ಳುವುದು ಸುಲಭ. ಎಲ್ಲರೂ ಸ್ವಲ್ಪ ಸ್ವಲ್ಪ ಹೊಣೆ ಎಂದು ಒಪ್ಪಿಕೊಳ್ಳುವುದು ಹೆಚ್ಚು ಪ್ರಾಮಾಣಿಕ.

ಸಂಗೀತ, ಸಾಹಿತ್ಯ, ಕಚೇರಿ, ಅಂಗಡಿ, ತರಗತಿ, ಎಲ್ಲೆಡೆಯೂ ಹಗುರ ದೇಹದ, ದೂರದ ಊರಿನ ಲೊಪೆಝ್‌ಗಳಿದ್ದಾರೆ. ಅವರೆಲ್ಲರನ್ನೂ ಪ್ರೀತಿಸಲು ನಮ್ಮಿಂದಾಗದು. ಆದರೆ ಅವರ ಬಗ್ಗೆ ಮಾತಾಡುವ ಮೊದಲು ಅವರ ಕೆಲಸವನ್ನು ಒಮ್ಮೆ ನೋಡುವುದು, ನೋಡಿದ ಮೇಲೆ ಕಂಡದ್ದನ್ನು ಕಂಡಂತೆ ಹೇಳುವುದು ನಮ್ಮಿಂದ ಸಾಧ್ಯ. ಅಷ್ಟನ್ನಾದರೂ ನಾವು ಅವರಿಗೆ ಸಲ್ಲಿಸಬೇಕಾಗಿದೆ.