ದಾಟುವ ಕಂಠದ ನಿಷ್ಠೆ

ಒಬ್ಬ ಗಾಯಕಿ ತಾನು ಕಲಿತ ಹಾಡಿಕೆಯನ್ನು ಬಿಟ್ಟು ಇನ್ನೊಂದಕ್ಕೆ ಹೋದರೆ ಆಕೆ ಯಾವುದಾದರೂ ಮಾತನ್ನು ಮುರಿದಂತಾಗುತ್ತದೆಯೇ? ಜಾಝ್ ಹಾಡುತ್ತ ಬೆಳೆದ ಹುಡುಗಿಯೊಬ್ಬಳು ಇಂದು ರಾಗಾಲಾಪಕ್ಕೋ ವಚನಕ್ಕೋ ಹೊರಳಿದರೆ ನಾವು ಅದನ್ನು ಪ್ರಯೋಗ ಎಂದು ಮೆಚ್ಚುತ್ತೇವೆ. ಅದೇ ಹುಡುಗಿ ಮದುವೆಯ ಆರ್ಕೆಸ್ಟ್ರಾದಲ್ಲಿ ಹಾಡತೊಡಗಿದರೆ ‘ಪಾಪ, ಎಷ್ಟು ಚೆನ್ನಾಗಿ ಕಲಿತಿದ್ದಳು’ ಎನ್ನುತ್ತೇವೆ. ಎರಡೂ ದಾಟುವಿಕೆಯೇ. ಒಂದಕ್ಕೆ ಮೆಚ್ಚುಗೆ, ಇನ್ನೊಂದಕ್ಕೆ ಮರುಕ. ಈ ವ್ಯತ್ಯಾಸ ಸಂಗೀತದಲ್ಲಿದೆಯೋ ನಮ್ಮಲ್ಲಿದೆಯೋ ಎಂದು ಯೋಚಿಸುವಾಗಲೆಲ್ಲ ನನಗೆ ನೆನಪಾಗುವವರು ಅಮೀರ್‌ಬಾಯಿ ಕರ್ನಾಟಕಿ.

ವಿಜಯಪುರದಿಂದ ದಕ್ಷಿಣಕ್ಕೆ, ಬಬಲೇಶ್ವರ ಸೀಮೆಯನ್ನು ಹಿಂದೆ ಹಾಕಿ ಕೃಷ್ಣೆಯನ್ನು ದಾಟಿದರೆ ಬೀಳಗಿ ತಾಲ್ಲೂಕು. ಈಗ ಬಾಗಲಕೋಟೆ ಜಿಲ್ಲೆಗೆ ಸೇರಿದ ಬೀಳಗಿ ಆಗ ಬಿಜಾಪುರ ಜಿಲ್ಲೆಯ ಊರು. ಹಾಡು, ನಾಟಕಗಳ ನಂಟಿದ್ದ ಅಲ್ಲಿಯ ಮನೆಯೊಂದರಿಂದ ಅಕ್ಕತಂಗಿಯರಿಬ್ಬರು ಹೊರಟರು. ಗೋಹರ್‌ಬಾಯಿ ಮರಾಠಿ ರಂಗಭೂಮಿಯಲ್ಲಿ ಬಾಲಗಂಧರ್ವರ ಕಂಪನಿ ಸೇರಿದರು. ಅಮೀರ್‌ಬಾಯಿ ಮುಂಬಯಿಯ ಸಿನಿಮಾಕ್ಕೆ ಹೋದರು. 1943ರ ‘ಕಿಸ್ಮತ್’ ಅವರ ಕಂಠವನ್ನು ದೇಶಕ್ಕೆಲ್ಲ ಮುಟ್ಟಿಸಿತು. ಕಲ್ಕತ್ತೆಯ ರಾಕ್ಸಿ ಚಿತ್ರಮಂದಿರದಲ್ಲಿ ಮೂರು ವರ್ಷಕ್ಕೂ ಹೆಚ್ಚು ಕಾಲ ಓಡಿದ ಚಿತ್ರ ಅದು. ಅದರಲ್ಲಿ ಅವರು ಜೋಗುಳದ ಧಾಟಿಯ ಹಾಡನ್ನೂ ಹಾಡಿದರು, ಪರದೇಶದವರನ್ನು ತೊಲಗಿ ಎನ್ನುವ ಹಾಡಿಗೂ ದನಿ ಕೂಡಿಸಿದರು. ಮರುವರ್ಷ ನೌಶಾದರ ‘ರತನ್’, ಆಮೇಲೆ ಗುಜರಾತಿಯ ‘ರಾಣಕದೇವಿ’. 1947ರಲ್ಲಿ ಸಿ. ರಾಮಚಂದ್ರ ಅವರ ‘ಶಹನಾಯಿ’ ಬಂತು. ಮುಂಬಯಿಯ ಹೋಟೆಲುಗಳಲ್ಲಿ ಜಾಝ್ ನುಡಿಸುತ್ತಿದ್ದ ಗೋವೆಯ ವಾದ್ಯಗಾರರು ಸಿನಿಮಾ ವಾದ್ಯವೃಂದಕ್ಕೆ ಹೊಸ ಲಯ ತರುತ್ತಿದ್ದ ಕಾಲ ಅದು. ಆ ಚಿತ್ರದಲ್ಲೂ ಅಮೀರ್‌ಬಾಯಿ ಹಾಡಿದರು.

ಈಗ ಇನ್ನೊಂದು ದಾರಿ ನೋಡೋಣ. ಮಲ್ಲಿಕಾರ್ಜುನ ಮನ್ಸೂರರೂ ಹುಡುಗರಾಗಿದ್ದಾಗ ನಾಟಕ ಕಂಪನಿಯಲ್ಲಿದ್ದವರೇ. ಗ್ವಾಲಿಯರ್ ಪದ್ಧತಿಯ ನೀಲಕಂಠಬುವಾ ಮಿರಜಕರರಲ್ಲಿ ಕಲಿತರು. ಆಮೇಲೆ ಜೈಪುರ-ಅತ್ರೌಲಿ ಘರಾನಾದ ಮಂಜಿಖಾನರ ಶಿಷ್ಯರಾದರು, ಅವರು ತೀರಿಕೊಂಡ ಮೇಲೆ ಬುರ್ಜಿಖಾನರ ಬಳಿ ಕಲಿತರು. ತಮ್ಮ ಆತ್ಮಕಥೆಗೆ ಅವರು ಇಟ್ಟ ಹೆಸರು ‘ನನ್ನ ರಸಯಾತ್ರೆ’. ಬೆಳಗಾವಿ ಸೀಮೆಯ ಸುಳೇಭಾವಿಯಿಂದ ಹೋದ ಕುಮಾರ ಗಂಧರ್ವರು ದೇವಾಸದಲ್ಲಿ ನೆಲೆಸಿ ಮಾಳ್ವಾದ ಜನಪದ ಹಾಡುಗಳೊಳಗೆ ರಾಗದ ಬೇರುಗಳನ್ನು ಹುಡುಕಿದರು. ಅದನ್ನು ನಾವು ಅನ್ವೇಷಣೆ ಎನ್ನುತ್ತೇವೆ, ಸರಿಯಾಗಿಯೇ. ಆದರೆ ಗಂಡಸಿನ ದಾಟುವಿಕೆಗೆ ಯಾತ್ರೆ, ಅನ್ವೇಷಣೆ ಎಂಬ ಶಬ್ದಗಳು ತಾನಾಗಿ ಒದಗುವ ನಮ್ಮ ಬಾಯಿಗೆ, ಬೀಳಗಿಯ ಹೆಣ್ಣುಮಗಳು ಸಿನಿಮಾಕ್ಕೆ ಹೋದದ್ದನ್ನು ಹೇಳುವಾಗ ಬರುವ ಶಬ್ದ ‘ಹೊಟ್ಟೆಪಾಡು’. ಅವರಿಗೂ ಒಂದು ರಸಯಾತ್ರೆ ಇದ್ದಿರಬಹುದು ಎಂದು ನಮಗೆ ಹೊಳೆಯುವುದೇ ಇಲ್ಲ.

ಹೊಟ್ಟೆಪಾಡು ಸುಳ್ಳಲ್ಲ. ಹಾಡುವುದೇ ಕಸುಬಾಗಿದ್ದ ಮನೆಯ ಹೆಣ್ಣುಮಕ್ಕಳಿಗೆ ಯಾರು ಕರೆದು ಹಾಡಿಸುತ್ತಾರೋ ಅದೇ ದಾರಿ. ಒಂದೇ ಪದ್ಧತಿಗೆ ಕಟ್ಟುಬಿದ್ದು ಇರಬಲ್ಲವರು ಯಾರು? ಅನ್ನ ಹಾಕುವ ಆಸ್ಥಾನವೋ ಮಠವೋ ಮನೆತನವೋ ಬೆನ್ನಿಗಿದ್ದವರು. ಇರಲು ಅನುಕೂಲವಿದ್ದವರ ಇರುವಿಕೆಯನ್ನು ನಿಷ್ಠೆಯೆಂದು ಹೊಗಳಿ, ಅನುಕೂಲವಿಲ್ಲದವರ ಹೊರಡುವಿಕೆಯನ್ನು ಚಂಚಲತೆಯೆಂದು ಅಳೆಯುವುದು ನ್ಯಾಯವಲ್ಲ. ಹಾಗೆಂದು ಬಡತನವಿದ್ದಲ್ಲಿ ಕಲೆಯ ಹಂಬಲ ಇರಲಾರದು ಎಂದುಕೊಳ್ಳುವುದೂ ಅಷ್ಟೇ ಅನ್ಯಾಯ. ಮೊದಲ ಅನ್ಯಾಯ ಎಲ್ಲರಿಗೂ ಕಾಣುತ್ತದೆ. ಎರಡನೆಯದು ಅನುಕಂಪದ ವೇಷದಲ್ಲಿ ಬರುವುದರಿಂದ ಬೇಗ ಕಣ್ಣಿಗೆ ಬೀಳುವುದಿಲ್ಲ.

ಹಾಗಾದರೆ ಎಲ್ಲ ದಾಟುವಿಕೆಯೂ ಸರಿಯೇ? ನಿಷ್ಠೆ ಎಂಬ ಶಬ್ದವನ್ನೇ ಕೈಬಿಡಬೇಕೇ? ಹಾಗೆ ನನಗೆ ಅನ್ನಿಸುವುದಿಲ್ಲ. ಬಬಲೇಶ್ವರ, ತಿಕೋಟಾ ಸುತ್ತಿನ ಸೀಮೆಯಲ್ಲಿ ಭಜನೆಯ ಪದ, ಡೊಳ್ಳಿನ ಪದ, ಮೊಹರಮ್ಮಿನ ರಿವಾಯತ್ ಪದ ಎಲ್ಲವೂ ಕನ್ನಡದಲ್ಲೇ ಇವೆ. ಶ್ರಾವಣದಲ್ಲಿ ಗುಡಿಯ ಮುಂದೆ ತಾಳ ಹಿಡಿದವನು ಅಲಾಯಿ ಹಬ್ಬದಲ್ಲಿ ಕರ್ಬಲಾದ ಕಥೆ ಹಾಡಿದರೆ ಅದು ಸುದ್ದಿಯಾಗುವುದಿಲ್ಲ. ಆದರೆ ಕರ್ಬಲಾದ ದುಃಖ ಹಾಡುವಲ್ಲಿ ಆತ ಚೇಷ್ಟೆಯ ಪದ ತೆಗೆದರೆ ಅಲ್ಲೇ ಯಾರಾದರೂ ತಡೆಯುತ್ತಾರೆ. ಅಂದರೆ ಅಲ್ಲಿಯೂ ನಿಷ್ಠೆ ಇದೆ, ಬಿಗಿಯಾಗಿಯೇ ಇದೆ. ಅದು ಹಾಡಿನ ಪ್ರಕಾರಕ್ಕೆ ಸಲ್ಲುವ ನಿಷ್ಠೆಯಲ್ಲ. ಹಾಡಿನ ಹೊತ್ತಿಗೆ, ಕೂತು ಕೇಳುವವರಿಗೆ ಸಲ್ಲುವ ನಿಷ್ಠೆ. ಎಲ್ಲಿಂದ ಬಂದೆ ಎಂದು ಯಾರೂ ಕೇಳುವುದಿಲ್ಲ. ಇಲ್ಲಿಯದನ್ನು ಕಲಿತು ಬಂದೆಯಾ ಎಂದಷ್ಟೇ ನೋಡುತ್ತಾರೆ.

ದೊರೆಗೂ ಈ ಅಳತೆ ಹೊಂದುತ್ತದೆ. ವಿಜಯಪುರದ ಪಶ್ಚಿಮಕ್ಕೆ, ತಿಕೋಟಾ ದಾರಿಯಲ್ಲಿ ಸಿಗುವ ತೊರವಿಯ ಬಳಿ ಎರಡನೆಯ ಇಬ್ರಾಹಿಂ ಆದಿಲ್‌ಶಾಹ ನವರಸಪುರವೆಂಬ ಊರು ಕಟ್ಟಿಸಿದ. ಅಲ್ಲಿಯ ಸಂಗೀತ ಮಹಲಿನ ಕಮಾನುಗಳು ಇಂದಿಗೂ ನಿಂತಿವೆ. ಆತ ಬರೆದ ‘ಕಿತಾಬ್-ಎ-ನವರಸ’ ರಾಗಗಳಿಗೆ ಹೊಂದಿಸಿದ ದಖನಿ ಹಾಡುಗಳ ಪುಸ್ತಕ. ಸರಸ್ವತಿ, ಗಣಪತಿ, ಗೇಸುದರಾಜ್ ಎಲ್ಲರೂ ಅದರಲ್ಲಿದ್ದಾರೆ. ದೊರೆಯ ದಾಟುವಿಕೆಯನ್ನು ನಾವು ಔದಾರ್ಯ ಎನ್ನುತ್ತೇವೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಆತ ರಾಗಗಳನ್ನು ಕಲಿತ ಶ್ರದ್ಧೆ. ಔದಾರ್ಯಕ್ಕೆ ಸಿಂಹಾಸನ ಬೇಕು, ಶ್ರದ್ಧೆಗೆ ಬೇಡ.

ಈ ಅಳತೆಯಿಂದ ಎಲ್ಲರೂ ಪಾರಾಗುವುದಿಲ್ಲ. ರಿವಾಯತ್ ಧಾಟಿಯನ್ನು ಎತ್ತಿ ಕುಣಿತದ ಹಾಡಿಗೆ ಅಂಟಿಸಿ, ಹಾಡಿದ ಊರಿನ ಹೆಸರನ್ನೂ ಹೇಳದವನು ದಾಟಿದವನಲ್ಲ, ಕದ್ದವನು. ಅಮೀರ್‌ಬಾಯಿ ಮಾಡಿದ್ದು ಬೇರೆ. ‘ಕಿಸ್ಮತ್’ನಲ್ಲಿ ಜೋಗುಳದಂಥ ಹಾಡಿನ ದನಿ ಮೆಲ್ಲಗೆ ಬಾಗಿರುತ್ತದೆ, ಘೋಷಣೆಯ ಹಾಡಿನಲ್ಲಿ ಅದೇ ದನಿ ಎದ್ದು ನಿಲ್ಲುತ್ತದೆ. ಒಂದರ ಹದ ಇನ್ನೊಂದಕ್ಕೆ ಸೋರಿಲ್ಲ. ಒಂದು ಕಂಠ ಎರಡು ಹಾಡಿಗೂ ಸಲ್ಲಬೇಕಾದದ್ದನ್ನು ಸಲ್ಲಿಸಿದೆ. ನಿಷ್ಠೆಗೆ ಇದಕ್ಕಿಂತ ಹೆಚ್ಚಿನ ಪುರಾವೆ ಕೇಳುವ ಹಕ್ಕು ಕೇಳುಗರಾದ ನಮಗೆ ಇದೆಯೆಂದು ನನಗೆ ತೋರುವುದಿಲ್ಲ.

ಇಷ್ಟಾದರೂ ದಾಟಿದವರಿಗೆ ಹೊಸ ದಡ ಕೊನೆತನಕ ನೆಲೆ ಕೊಡುತ್ತದೆ ಎಂಬ ಭರವಸೆಯಿಲ್ಲ. 1940ರ ದಶಕ ಮುಗಿಯುವ ಹೊತ್ತಿಗೆ ಲತಾ ಮಂಗೇಶ್ಕರರ ಎಳೆಯ ದನಿ ಸಿನಿಮಾದ ರುಚಿಯನ್ನೇ ಬದಲಿಸಿತು. ಕಂಪನಿ ನಾಟಕದ ಕಾಲದ ತುಂಬುದನಿಗಳಿಗೆ ಕರೆ ಕಡಿಮೆಯಾಯಿತು. ಅಮೀರ್‌ಬಾಯಿ ಸಣ್ಣಪುಟ್ಟ ಪಾತ್ರಗಳ ನಟನೆಗೆ ಮರಳಿದರು, 1965ರಲ್ಲಿ ತೀರಿಕೊಂಡರು. ನಿಷ್ಠೆಯ ಪ್ರಶ್ನೆಯನ್ನು ಹಾಡುವವರಿಗಷ್ಟೇ ಕೇಳುವ ನಾವು, ಕೇಳುಗರ ನಿಷ್ಠೆ ಎಲ್ಲಿತ್ತು ಎಂದು ಕೇಳಿಕೊಳ್ಳುವುದಿಲ್ಲ. ದನಿಗಳನ್ನು ಬಿಟ್ಟು ಬೇರೆ ದನಿಗೆ ದಾಟಿದವರು ನಾವೂ ಹೌದು. ನಮ್ಮನ್ನು ಯಾವ ಹಸಿವೂ ದೂಡಿರಲಿಲ್ಲ.

ವಿಜಯಪುರದಲ್ಲಿ ಅವರು ಕಟ್ಟಿಸಿದ ಚಿತ್ರಮಂದಿರದ ಹೆಸರು ಅಮೀರ್ ಟಾಕೀಜ್. ಮುಂಬಯಿಯಲ್ಲಿ ದುಡಿದದ್ದನ್ನು ತಂದು ತಮ್ಮ ಸೀಮೆಯಲ್ಲಿ ಹೂಡಿದರು. ಇನ್ನು ಮುಂದೆ ಯಾವ ಹುಡುಗಿಯಾದರೂ ಒಂದು ಹಾಡಿಕೆಯಿಂದ ಇನ್ನೊಂದಕ್ಕೆ ಹೋದಾಗ ಬಿಟ್ಟದ್ದೇಕೆ ಎಂದು ಕೇಳುವ ಮೊದಲು, ಹೋದಲ್ಲಿ ಏನು ಕಲಿತಳು, ಹೇಗೆ ಹಾಡಿದಳು ಎಂದು ಕೂತು ಕೇಳಬೇಕು. ಅಷ್ಟು ಕೇಳಿದ ಮೇಲೂ ತೀರ್ಪು ಕೊಡಬೇಕೆನ್ನಿಸಿದರೆ ಕೊಡೋಣ.