ಘಟ್ಟದ ಕೆಳಗಿನವರು ಯಾವಾಗ ನಮ್ಮವರಾದರು?

ಪ್ರಾಥಮಿಕ ಶಾಲೆಯ ಗೋಡೆಯ ಮೇಲಿನ ಚಾರ್ಟು ನಮ್ಮಲ್ಲಿ ಅನೇಕರಿಗೆ ನೆನಪಿರಬಹುದು. ರಾಜ್ಯಕ್ಕೊಂದು ಜೋಡಿ, ಜೋಡಿಗೊಂದು ಉಡುಗೆ, ಕೆಳಗೆ ‘ವಿವಿಧತೆಯಲ್ಲಿ ಏಕತೆ’ ಎಂಬ ಸಾಲು. ಗಣರಾಜ್ಯೋತ್ಸವದ ಸ್ತಬ್ಧಚಿತ್ರಗಳದ್ದೂ ಇದೇ ಕ್ರಮ. ಎಲ್ಲರೂ ತಂತಮ್ಮ ಜಾಗದಲ್ಲಿ ನಿಂತಿರುತ್ತಾರೆ, ಯಾರೂ ಊರು ಬಿಟ್ಟು ಹೋಗುವುದಿಲ್ಲ. ಹಾಗಾದರೆ ಊರು ಬಿಟ್ಟು ಬಂದವರಿಗೆ ಈ ಚಿತ್ರದಲ್ಲಿ ಜಾಗ ಎಲ್ಲಿ?

ಸಕಲೇಶಪುರ, ಆಲೂರಿನ ಗುಡ್ಡಗಳಲ್ಲಿ ಈ ಪ್ರಶ್ನೆ ಹಳೆಯದು. ಹತ್ತೊಂಬತ್ತನೇ ಶತಮಾನದಲ್ಲಿ ಮಂಜರಾಬಾದಿನ ಕಾಡಿನ ನಡುವೆ ಯುರೋಪಿಯನ್ನರ ಕಾಫಿ ತೋಟಗಳು ಎದ್ದವು. ಕಾಲಕ್ರಮೇಣ ತುಳುನಾಡಿನಿಂದ, ತಮಿಳು ಸೀಮೆಯಿಂದ, ಮಲೆಯಾಳದಿಂದ ಆಳುಗಳು ಬಂದರು. ತುಳುವರಿಗೆ ಇಲ್ಲಿ ಸಿಕ್ಕ ಹೆಸರು ‘ಘಟ್ಟದ ಕೆಳಗಿನವರು’. ಅದು ಬರೀ ಭೂಗೋಳದ ಮಾತಾಗಿರಲಿಲ್ಲ. ಇವರು ನಮ್ಮವರಲ್ಲ ಎಂಬುದೂ ಅದರೊಳಗೇ ಇತ್ತು.

1956ರ ಅಕ್ಟೋಬರ್ 31ರವರೆಗೆ ದಕ್ಷಿಣ ಕನ್ನಡ ಮದ್ರಾಸ್ ರಾಜ್ಯದಲ್ಲಿತ್ತು, ಈ ಗುಡ್ಡಗಳು ಮೈಸೂರಿನಲ್ಲಿದ್ದವು. ಮರುದಿನ ಎರಡೂ ಒಂದೇ ರಾಜ್ಯವಾದವು. ಲೈನ್ ಮನೆಯಲ್ಲಿ ಮಲಗಿದ್ದ ಬಂಟ್ವಾಳದ ಆಳು ಬೆಳಗಾಗುವಷ್ಟರಲ್ಲಿ ಹೊರರಾಜ್ಯದವನಾಗಿ ಉಳಿಯಲಿಲ್ಲ. ಪಕ್ಕದ ಮನೆಯ ಕಾಸರಗೋಡಿನವನು, ಮನೆಮಾತು ಕನ್ನಡವೇ ಆಗಿದ್ದರೂ, ಕೇರಳದವನಾದ. ಇಬ್ಬರೂ ಒಂದು ಹೆಜ್ಜೆ ಇಟ್ಟಿರಲಿಲ್ಲ, ಗೆರೆ ಸರಿದಿತ್ತು. ಅನಾದಿಯೆಂದು ನಾವು ನಂಬಿಕೊಂಡ ಗುರುತಿನ ವಯಸ್ಸು ಕೆಲವೊಮ್ಮೆ ಇಷ್ಟೇ.

ಫ್ರಾನ್ಸಿನ ಮನಶ್ಶಾಸ್ತ್ರಜ್ಞ ಸರ್ಜ್ ಮಾಸ್ಕೊವಿಸಿ 1961ರಲ್ಲಿ ‘ಸಾಮಾಜಿಕ ಪ್ರತಿನಿಧಾನ’ದ ಸಿದ್ಧಾಂತ ಮುಂದಿಟ್ಟ. ಅದರ ಒಂದು ಒಳನೋಟ ಸರಳವಾದದ್ದು: ಅಪರಿಚಿತವಾದುದನ್ನು ಸಮಾಜ ಪರಿಚಿತ ಖಾನೆಯೊಂದಕ್ಕೆ ಕಟ್ಟಿಹಾಕಿ ಅರ್ಥಮಾಡಿಕೊಳ್ಳುತ್ತದೆ. ಸಂಶೋಧನೆಗೆಂದು ತೋಟಗಳನ್ನು ಸುತ್ತುವಾಗ ನನಗಿದು ದಿನವೂ ಕಾಣುತ್ತದೆ. ಈಗ ಕಾಫಿ ಕುಯ್ಲಿಗೆ ಅಸ್ಸಾಮಿನಿಂದ ಬರುವವರಿಗೆ ಇಲ್ಲಿ ‘ಹಿಂದಿಯವರು’ ಎಂದೇ ಹೆಸರು. ಅವರಲ್ಲಿ ಒಬ್ಬರ ಮನೆಮಾತು ಅಸ್ಸಾಮಿ, ಇನ್ನೊಬ್ಬರದು ಬಾಂಗ್ಲಾ, ಮತ್ತೊಬ್ಬರದು ಸಾದ್ರಿ. ಬಾಂಗ್ಲಾ ಮಾತಾಡಿದರಂತೂ ‘ಯಾವ ದೇಶದವರೋ’ ಎಂಬ ಅನುಮಾನ ಬೇರೆ. ಆಗ ಆಧಾರ್ ಕಾರ್ಡು ತೋರಿಸಿದರೂ ಸಾಲದು.

ಖಾನೆಗೆ ತುಂಬುವ ಕೆಲಸವನ್ನು ಸರ್ಕಾರವೂ ಮಾಡುತ್ತದೆ. 2011ರ ಜನಗಣತಿಯಲ್ಲಿ ಜನ ಹೇಳಿದ ಮನೆಮಾತಿನ ಹೆಸರುಗಳು 19,569. ಪರಿಷ್ಕರಿಸಿದಾಗ ಉಳಿದವು 1,369. ಅವನ್ನು ಗುಂಪುಗೂಡಿಸಿ ಕೊಟ್ಟ ಭಾಷೆಗಳು 121. ಸಾದ್ರಿ ಹಿಂದಿಯ ಕೆಳಗೆ ಸೇರಿತು. ನಮ್ಮ ತಾಂಡಾಗಳ ಲಂಬಾಣಿಯೂ ಅಲ್ಲಿಗೇ ಹೋಯಿತು. ತೋಟದ ರೈಟರು ಬಾಯಲ್ಲಿ ಮಾಡಿದ್ದನ್ನು ಜನಗಣತಿ ಪಟ್ಟಿಯಲ್ಲಿ ಮಾಡಿದೆ.

ಖಾನೆಗಳೇ ಬೇಡ ಎನ್ನಬಹುದೇ? ಹಾಗೆನ್ನುವುದು ಸುಲಭ, ಸರಿಯಲ್ಲ. ಲೆಕ್ಕಕ್ಕೆ ಬಾರದವರಿಗೆ ಶಾಲೆಯೂ ಬರುವುದಿಲ್ಲ, ಪಡಿತರವೂ ಬರುವುದಿಲ್ಲ. ಹೆಸರಿಲ್ಲದವರು ಹಕ್ಕು ಕೇಳುವುದು ಹೇಗೆ? ಆದರೆ ಎಣಿಸಲು ಬೇಕಾದ ಹೆಸರು ಬೇರೆ, ಒಬ್ಬ ಮನುಷ್ಯ ಎಲ್ಲಿಗೆ ಸೇರಿದವನೆಂದು ತೀರ್ಪು ಕೊಡುವ ಹೆಸರು ಬೇರೆ. ಮೊದಲನೆಯದು ಅವನಿಗಾಗಿ ಇರುವುದು, ಎರಡನೆಯದು ಅವನ ಮೇಲೆ ಹೇರಿದ್ದು. ನಾವು ಎರಡನ್ನೂ ಬೆರೆಸಿಬಿಡುತ್ತೇವೆ. ತನ್ನ ಊರಿನಲ್ಲಿ, ತನ್ನ ಉಡುಗೆಯಲ್ಲಿ ನಿಂತ ಅಸ್ಸಾಮಿನವನನ್ನು ಸ್ತಬ್ಧಚಿತ್ರದಲ್ಲಿ ನೋಡಿ ಚಪ್ಪಾಳೆ ತಟ್ಟಲು ನಮಗೆ ಖರ್ಚೇನೂ ಇಲ್ಲ. ಅವನು ಬೆಳಗೋಡಿನ ಸಂತೆಯಲ್ಲಿ ತರಕಾರಿ ಚೌಕಾಸಿ ಮಾಡುವಾಗಲೂ ಈ ದೇಶದವನೇ ಎಂದು ಒಪ್ಪುವುದು ಕಷ್ಟ. ವೈವಿಧ್ಯದ ಬಗೆಗಿನ ನಮ್ಮ ಪ್ರೀತಿಯ ಪರೀಕ್ಷೆ ನಡೆಯುವುದು ಅಲ್ಲಿ.

ಘಟ್ಟದ ಕೆಳಗಿನವರು ನಮ್ಮವರಾದದ್ದು 1956ರ ಕಾಗದವೊಂದರಿಂದಲೇ ಅಲ್ಲ. ಮಕ್ಕಳು ಒಂದೇ ಬೆಂಚಿನಲ್ಲಿ ಕೂತರು, ಹೆಂಗಸರು ಒಂದೇ ನಲ್ಲಿಯ ಮುಂದೆ ಕೊಡ ಇಟ್ಟರು, ಜಗಳವಾಡಿದರು, ಮತ್ತೆ ಮಾತಾಡಿದರು. ಅದಕ್ಕೆ ವರ್ಷಗಳು ಹಿಡಿದವು, ಎಲ್ಲ ಕಡೆಯೂ ಅದು ಪೂರ್ತಿಯಾಗಿಲ್ಲ. ಇಂದಿನ ಲೈನ್ ಮನೆಗಳಲ್ಲಿ ಅಸ್ಸಾಮಿನ ಮಕ್ಕಳಿದ್ದಾರೆ. ಆ ಬೆಂಚಿನಲ್ಲಿ ಅವರಿಗೂ ಜಾಗ ಬಿಡುತ್ತೇವೆಯೇ ಎಂಬುದರ ಮೇಲೆ, ಮುಂದೆ ಈ ಗುಡ್ಡದಲ್ಲಿ ‘ನಾವು’ ಎಂದರೆ ಯಾರು ಎಂಬುದು ನಿಂತಿದೆ.