ಹಿಟ್ಟಿನ ಕೋಳಿಯೂ ಕಥೆಯ ಕತ್ತಿಯೂ

ಶ್ರವಣಬೆಳಗೊಳಕ್ಕೆ ಬರುವ ಯಾತ್ರಿಕರಲ್ಲಿ ಅನೇಕರು ದೊಡ್ಡ ಬೆಟ್ಟವನ್ನು ಹತ್ತಿಳಿದ ಆಯಾಸದಿಂದ ಜೈನಮಠದ ಗೋಡೆಗಳ ಮೇಲಿನ ವರ್ಣಚಿತ್ರಗಳನ್ನು ನೋಡದೆಯೇ ಹಿಂದಿರುಗುತ್ತಾರೆ. ಮುಮ್ಮಡಿ ಕೃಷ್ಣರಾಜ ಒಡೆಯರ ದಸರಾ ದರ್ಬಾರು, ಪಾರ್ಶ್ವನಾಥನ ಸಮವಸರಣ, ನಾಗಕುಮಾರನ ಚರಿತೆ, ಇವುಗಳ ನಡುವೆ ಒಂದು ಮರದ ಸುತ್ತ ಆರು ಜನರು ನಿಂತಿರುವ ಚಿತ್ರವೂ ಅಲ್ಲಿ ಉಂಟು. ಕಳೆದ ಬೇಸಗೆಯ ರಜೆಯಲ್ಲಿ ನನ್ನ ಮೊಮ್ಮಗನನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆನು. ಅವನ ಕಂಕುಳಲ್ಲಿ ಒಂದು ಇಂಗ್ಲಿಷ್ ಕಥೆಗಳ ಪುಸ್ತಕವಿದ್ದಿತು. ಹೆಣಗಳ ರಾಶಿಯ ಮೇಲೆ ಕತ್ತಿಯೂರಿ ನಿಂತ ಒಬ್ಬ ಬಲಿಷ್ಠನ ಚಿತ್ರ ಅದರ ಹೊದಿಕೆಯ ಮೇಲಿದ್ದಿತು. ಹಿಂದಿನ ರಾತ್ರಿ ಅವನಿಗೆ ಯಶೋಧರನ ಕಥೆಯನ್ನು ಹೇಳಿದ್ದೆನಾದ್ದರಿಂದ ಅವನು, “ತಾತ, ಹಿಟ್ಟಿನ ಕೋಳಿಯನ್ನು ಕಡಿದರೇ ಅಷ್ಟು ಪಾಪವಾದರೆ, ಈ ಪುಸ್ತಕ ಓದುವ ನನ್ನ ಗತಿಯೇನು?” ಎಂದು ಕೇಳಿದನು. ನಗೆಯಾಡಿ ಕೇಳಿದ ಮಾತು. ಆದರೆ ನನಗೆ ನಗು ಬರಲಿಲ್ಲ.

ಆ ಜಾತಿಯ ಕಥೆಗಳಿಗೆ ಖಡ್ಗ ಮತ್ತು ಮಾಟಮಂತ್ರಗಳ ಕಥೆಗಳೆಂಬ ಅರ್ಥದ ಹೆಸರನ್ನು ಇಟ್ಟವನು ಫ್ರಿಟ್ಜ್ ಲೈಬರ್ ಎಂಬ ಅಮೆರಿಕದ ಲೇಖಕನು, 1961ರಲ್ಲಿ. ಕಥೆಗಳು ಹೆಸರಿಗಿಂತ ಹಳೆಯವು. ಟೆಕ್ಸಾಸ್ ಪ್ರಾಂತದ ರಾಬರ್ಟ್ ಹೊವಾರ್ಡನು (1906–1936) ‘ವೀಯರ್ಡ್ ಟೇಲ್ಸ್’ ಎಂಬ ಮಾಸಪತ್ರಿಕೆಯಲ್ಲಿ 1932ರ ಡಿಸೆಂಬರಿನಿಂದ ಕೋನನ್ ಎಂಬ ವೀರನ ಕಥೆಗಳನ್ನು ಬರೆದನು. ಅಟ್ಲಾಂಟಿಸ್ ದ್ವೀಪವು ಮುಳುಗಿದ ಮೇಲೆ, ನಾವು ಬಲ್ಲ ಚರಿತ್ರೆ ಮೊದಲಾಗುವುದಕ್ಕೆ ಮುನ್ನ, ಒಂದು ಯುಗವಿದ್ದಿತೆಂದು ಕಲ್ಪಿಸಿ, ಅದಕ್ಕೆ ದೇಶ, ಕುಲ, ವಲಸೆಗಳ ಚರಿತ್ರೆಯನ್ನೇ ಅವನು ರಚಿಸಿದನು. ಚಿತ್ರಕಾರರು ಆ ಲೋಕಕ್ಕೆ ಕಣ್ಣು ಕೊಟ್ಟರು. ಹೆಣಗಳ ಮೇಲೆ ನಿಂತ ವೀರನ ಭಂಗಿ ಪ್ರಸಿದ್ಧವಾದದ್ದು ಫ್ರಾಂಕ್ ಫ್ರಜೆಟ್ಟಾ ಎಂಬುವನು 1966ರಲ್ಲಿ ಅಚ್ಚಾದ ಒಂದು ಸಂಪುಟಕ್ಕೆ ಬರೆದ ಚಿತ್ರದಿಂದ. ಅದರಲ್ಲಿ ಶಕ್ತಿಯುಂಟು, ಬಣ್ಣದ ಹದವುಂಟು. ಅದನ್ನು ಕೀಳೆಂದು ತಳ್ಳಿಹಾಕುವುದು ನೋಡಲಾರದವನ ಮಾತಾದೀತು.

ಇದು ನಮಗೆ ಹೊಸದೆಂದು ಹೇಳುವುದು ಸಲ್ಲದು. ವಿಜಯಾರ್ಧ ಪರ್ವತದ ದಕ್ಷಿಣಶ್ರೇಣಿಯಲ್ಲಿ 50, ಉತ್ತರಶ್ರೇಣಿಯಲ್ಲಿ 60 ವಿದ್ಯಾಧರ ನಗರಗಳನ್ನು ನಮ್ಮ ಪುರಾಣಕಾರರು ಎಣಿಸಿ ಇಟ್ಟಿದ್ದಾರೆ. ಹೊವಾರ್ಡನು ಅಷ್ಟು ಲೆಕ್ಕವನ್ನು ಇಟ್ಟಿರಲಾರನು. ಮಠದ ಗೋಡೆಯ ನಾಗಕುಮಾರನು ಶೈಶವದಲ್ಲಿ ಬಾವಿಗೆ ಬಿದ್ದು ನಾಗಗಳಿಂದ ರಕ್ಷಿತನಾದವನು. ಇನ್ನು ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದಲ್ಲಿ, 959ರಲ್ಲಿ, ಸೋಮದೇವಸೂರಿಯು ಮುಗಿಸಿದ ಯಶಸ್ತಿಲಕದಲ್ಲಿ ಮಾರಿದತ್ತ ರಾಜನಿಗೆ ಒಬ್ಬ ಕೌಲ ಗುರುವು ಬೋಧಿಸುವುದನ್ನು ನೋಡಿರಿ: ಸಕಲ ಜೀವಿಗಳ ಜೋಡಿಗಳನ್ನೂ ಚಂಡಮಾರಿಗೆ ಬಲಿಯಿತ್ತರೆ ಒಂದು ಮಾಯಾಖಡ್ಗವು ಸಿದ್ಧಿಸುವುದು, ಅದರಿಂದ ವಿದ್ಯಾಧರಲೋಕವನ್ನೇ ಗೆಲ್ಲಬಹುದು ಎಂದು. ಕತ್ತಿ, ಮಂತ್ರ, ಭಯಂಕರವಾದ ಗುಡಿ, ರಾಜ್ಯದಾಸೆ ಎಲ್ಲವೂ ಇಲ್ಲಿವೆ. ಆ ಗುಡಿಗೆ ಮನುಷ್ಯಬಲಿಗಾಗಿ ತಂದ ಇಬ್ಬರು ಎಳೆಯರು ಹೇಳುವ ಆತ್ಮಕಥೆಯೇ ಯಶೋಧರನ ಚರಿತೆ. ಅದನ್ನು ಜನ್ನನು ಹೊಯ್ಸಳ ವೀರಬಲ್ಲಾಳನ ಕಾಲದಲ್ಲಿ, 1209ರಲ್ಲಿ, ಕನ್ನಡಕ್ಕೆ ತಂದನು.

ಕಥೆಯನ್ನು ವಾಚಕರು ಬಲ್ಲರು. ಪತ್ನಿಯ ದ್ರೋಹವನ್ನು ಕಂಡ ಯಶೋಧರನು ಅದನ್ನು ಮರೆಮಾಚಿ, ದುಃಸ್ವಪ್ನವನ್ನು ಕಂಡೆನೆಂದು ತಾಯಿಗೆ ಹೇಳುತ್ತಾನೆ. ತಾಯಿ ಬಲಿ ಕೊಡಿಸೆಂದು ಹಟ ಹಿಡಿಯುತ್ತಾಳೆ. ಮಗನು ಒಪ್ಪನು; ತಾಯಿ ಬಿಡಳು. ಕಡೆಗೆ ಹಿಟ್ಟಿನಿಂದ ಒಂದು ಹುಂಜವನ್ನು ಮಾಡಿ, ಬಣ್ಣ ಹಚ್ಚಿ, ಅದನ್ನು ಕಡಿಯುವುದೆಂದು ಇಬ್ಬರೂ ಒಡಂಬಡುತ್ತಾರೆ. ಕತ್ತಿ ಬಿದ್ದೊಡನೆ ಆ ಹಿಟ್ಟಿನ ಕೋಳಿ ಕೂಗುತ್ತದೆ. ಅನಂತರ ತಾಯಿಯೂ ಮಗನೂ ವಿಷದಿಂದ ಸತ್ತು, ನವಿಲೂ ನಾಯಿಯೂ ಮೊದಲಾದ ತಿರ್ಯಗ್ಜನ್ಮಗಳನ್ನು ಎತ್ತಿ, ಒಬ್ಬರ ಕಣ್ಣೆದುರಿಗೆ ಒಬ್ಬರು ಕೊಲೆಗೀಡಾಗುತ್ತಾರೆ. ಹಿಟ್ಟಿಗೆ ಪ್ರಾಣವೆಲ್ಲಿಯದು? ರಕ್ತವೆಲ್ಲಿಯದು? ದಂಡವಾದದ್ದು ಸಂಕಲ್ಪಕ್ಕೆ. ಹಾಗಾದರೆ ಮೊಮ್ಮಗನ ಪ್ರಶ್ನೆಯು ನ್ಯಾಯವಾದದ್ದೇ. ಪುಟವೊಂದಕ್ಕೆ ಹತ್ತು ಹಗೆಗಳನ್ನು ಕಥಾನಾಯಕನ ಜೊತೆಯಲ್ಲಿ ಮನಸಾರೆ ಕಡಿಯುವ ಓದುಗನು ಯಾವ ಲೆಕ್ಕಕ್ಕೆ ಸೇರಿದವನು?

ಅಲಂಕಾರಶಾಸ್ತ್ರವನ್ನು ಓದಿದ ನನಗೆ ಮೊದಲು ತೋಚಿದ ಉತ್ತರವು ಭಟ್ಟನಾಯಕನದು. ಕಾವ್ಯದಲ್ಲಿ ಭಾವಗಳು ಸಾಧಾರಣೀಕೃತವಾಗುತ್ತವೆ. ಕ್ರೋಧವು ನನ್ನದೂ ಅಲ್ಲ, ಹಗೆಯದೂ ಅಲ್ಲ. ಆದುದರಿಂದ ರೌದ್ರರಸವನ್ನು ಸವಿದವನಿಗೆ ಕೊಲೆಯ ಲೇಪವಿಲ್ಲ. ಉತ್ತರವೇನೋ ಹೌದು. ಆದರೆ ಅದೇ ಪರಂಪರೆಯ ನಾಟ್ಯಶಾಸ್ತ್ರವು ರಂಗದ ಮೇಲೆ ವಧೆಯನ್ನು ಪ್ರತ್ಯಕ್ಷವಾಗಿ ತೋರಿಸದೆ ಮಾತಿನಿಂದ ಸೂಚಿಸಬೇಕೆಂದು ವಿಧಿಸಿತೇಕೆ? ರಸವು ಎಲ್ಲವನ್ನೂ ತೊಳೆಯಬಲ್ಲದಾಗಿದ್ದರೆ ಈ ಸಂಕೋಚವು ಅನಾವಶ್ಯಕವಾಗಿದ್ದಿತು. ಜೈನಾಚಾರ್ಯರಾದರೋ ರೌದ್ರಧ್ಯಾನದ ಪ್ರಭೇದಗಳಲ್ಲಿ ಹಿಂಸಾನಂದವೆಂಬುದನ್ನು ಮೊದಲು ಹೇಳುತ್ತಾರೆ. ಅದಕ್ಕೆ ಕೈಯಲ್ಲಿ ಕತ್ತಿಯೇ ಬೇಕಾಗಿಲ್ಲ. ನೆನೆದು ಹಿಗ್ಗಿದರೆ ಸಾಕು.

ಮಠದ ಗೋಡೆಯ ಮರವು ಇದನ್ನೇ ಚಿತ್ರಿಸುತ್ತದೆ. ಆರು ಜನರಿಗೂ ಬೇಕಾದುದು ಹಣ್ಣೇ. ಒಬ್ಬನು ಮರವನ್ನು ಬುಡಸಹಿತ ಕಡಿಯಬೇಕೆನ್ನುತ್ತಾನೆ, ಅವನದು ಕೃಷ್ಣಲೇಶ್ಯೆ. ಇನ್ನೊಬ್ಬನಿಗೆ ದೊಡ್ಡ ಕೊಂಬೆ, ಮತ್ತೊಬ್ಬನಿಗೆ ರೆಂಬೆ, ಮುಂದಿನವನಿಗೆ ಗೊಂಚಲು, ಐದನೆಯವನಿಗೆ ಹಣ್ಣು ಮಾತ್ರ. ಕಡೆಯವನು ನೆಲಕ್ಕೆ ಉದುರಿದುದನ್ನು ಆಯ್ದುಕೊಳ್ಳುತ್ತಾನೆ, ಅವನದು ಶುಕ್ಲಲೇಶ್ಯೆ. ಮರಕ್ಕೆ ಇನ್ನೂ ಪೆಟ್ಟು ಬಿದ್ದಿಲ್ಲ. ಮನಸ್ಸಿನ ಬಣ್ಣ ಮಾತ್ರ ಬೇರೆಬೇರೆಯಾಗಿದೆ. ಒಂದೇ ಪುಸ್ತಕವನ್ನು ಓದುವ ಆರು ಜನರ ವಿಷಯವೂ ಹೀಗೆಯೇ ಎಂದು ನನಗೆ ತೋರುತ್ತದೆ.

ಆದರೆ ಹೊಣೆಯನ್ನೆಲ್ಲ ಓದುಗನ ತಲೆಗೆ ಕಟ್ಟಿ ಕವಿಯನ್ನು ಬಿಟ್ಟುಬಿಡುವುದೂ ಸರಿಯಲ್ಲ. ಜನ್ನನ ಕಾವ್ಯದಲ್ಲಿ ಹಿಟ್ಟಿನ ಕೋಳಿ ಕೂಗಿತು. ಆ ಕೂಗನ್ನು ಕೇಳಿಸಬೇಕೆಂಬುದೇ ಕವಿಯ ಧರ್ಮ. ಯಾವ ಕಲ್ಪಿತಲೋಕದಲ್ಲಿ ಬಿದ್ದವನು ಸುಮ್ಮನೆ ಬೀಳುವನೋ, ಕೂಗದೆ ಬೀಳುವನೋ, ಅಲ್ಲಿ ಓದುಗನ ಮನಸ್ಸು ಮೆಲ್ಲಗೆ ಮರಗಟ್ಟುತ್ತದೆ. ಹೊವಾರ್ಡನ ಎಷ್ಟೋ ಕಾಳಗಗಳು ಇಂಥವೇ. ನಮ್ಮ ಕವಿಗಳ ಯುದ್ಧವರ್ಣನೆಗಳಲ್ಲಿಯೂ ರಕ್ತದ ಹೊಳೆಗಳು ಲೆಕ್ಕವಿಲ್ಲದೆ ಹರಿದಿವೆ. ಪರರನ್ನು ಮಾತ್ರ ದೂರುವುದು ಬೇಡ.

ಇದಕ್ಕೆ ವಿರುದ್ಧವಾದ ಪ್ರತಿಮೆಯೂ ನಮ್ಮೂರಿನಲ್ಲಿಯೇ ಇದೆಯಷ್ಟೆ. ಪಂಪನು 941ರಲ್ಲಿ ಬರೆದ ಆದಿಪುರಾಣದಲ್ಲಿ ಸೋತ ಭರತನು ಎಸೆದ ಚಕ್ರರತ್ನವು ಬಾಹುಬಲಿಯನ್ನು ಪ್ರದಕ್ಷಿಣೆಮಾಡಿ ನಿಂತುಬಿಡುತ್ತದೆ. ಎಸೆದವನಿಗಿಂತ ಆಯುಧಕ್ಕೆ ಹೆಚ್ಚು ವಿವೇಕ! ಆ ಬಾಹುಬಲಿಯನ್ನು 981ರ ಸುಮಾರಿಗೆ ಸುಮಾರು 58 ಅಡಿ ಎತ್ತರಕ್ಕೆ ಕಡೆಯಿಸಿದ ಚಾವುಂಡರಾಯನು ವೀರಮಾರ್ತಂಡ, ರಣರಂಗಸಿಂಗ ಎಂಬ ಬಿರುದುಗಳನ್ನು ಯುದ್ಧದಲ್ಲಿ ಗಳಿಸಿದವನು. ಗೆದ್ದವನ ಕಾಲಡಿಯಲ್ಲಿ ಅವನು ಹೆಣಗಳನ್ನು ಕಡೆಯಿಸಲಿಲ್ಲ, ಹುತ್ತವನ್ನು ಕಡೆಯಿಸಿದನು.

ಅಂದು ಸಂಜೆ ಮೊಮ್ಮಗನ ಪುಸ್ತಕವನ್ನು ನಾನೇ ತೆಗೆದುಕೊಂಡು ಕುಳಿತೆನು. ಆನೆಯ ಗೋಪುರವೆಂಬ ಕಥೆಯೊಂದು ಅದರಲ್ಲಿದ್ದಿತು, 1933ರಲ್ಲಿ ಪ್ರಕಟವಾದುದು. ತರುಣನಾದ ಕೋನನ್ ಒಂದು ರತ್ನವನ್ನು ಕದಿಯಲು ಮಾಂತ್ರಿಕನ ಗೋಪುರವನ್ನು ಹೊಗುತ್ತಾನೆ. ಒಳಗೆ ಆನೆಯ ತಲೆಯುಳ್ಳ ಒಂದು ಆಕೃತಿ ಕುಳಿತಿದೆ. ಯಾವುದೋ ದೇವರ ವಿಗ್ರಹವೆಂದುಕೊಂಡರೆ ಅದು ಜೀವವುಳ್ಳದ್ದು. ಮಾಂತ್ರಿಕನ ಚಿತ್ರಹಿಂಸೆಯಿಂದ ಕುರುಡಾಗಿ, ಕೈಕಾಲು ಮುರಿದು, ಕಣ್ಣೀರಿಡುತ್ತಿದೆ. ಕಳ್ಳನಾಗಿ ಬಂದವನ ಕೈಯ ಕತ್ತಿ ತಾನಾಗಿ ಇಳಿಯುತ್ತದೆ. ತಾನು ಮಾಡದ ಪಾಪಕ್ಕೆ, ಮನುಷ್ಯಕುಲದ ಪರವಾಗಿ ಅವನು ನಾಚುತ್ತಾನೆ. ಆ ಪ್ರಾಣಿಯೇ ಬೇಡಿಕೊಂಡ ಮೇಲೆ ಅದಕ್ಕೆ ಮರಣವನ್ನು ಕೊಟ್ಟು ಬಿಡುಗಡೆ ಮಾಡುತ್ತಾನೆ. ಈ ಕೊಲೆಯನ್ನು ಆಚಾರ್ಯರು ಒಪ್ಪಲಾರರೆಂಬುದನ್ನು ನಾನು ಬಲ್ಲೆ. ಆದರೆ ಇಲ್ಲಿ ಹಿಟ್ಟಿನ ಕೋಳಿ ಕೂಗಿದೆ. ಕೂಗನ್ನು ಕೇಳಿಸಿಕೊಂಡು ಮಾರಿದತ್ತನಂತೆಯೇ ಒಬ್ಬನು ಖಡ್ಗವನ್ನು ತಗ್ಗಿಸಿದ್ದಾನೆ.

ಹುಡುಗನನ್ನು ಕರೆದು, ಈ ಕಥೆಯನ್ನು ಕನ್ನಡದಲ್ಲಿ ನಿನ್ನ ಅಜ್ಜಿಗೆ ಹೇಳೆಂದೆನು. ಅವನು ತಡವರಿಸುತ್ತ ಹೇಳಿದನು. ಅವರೆಕಾಯಿ ಸುಲಿಯುತ್ತಿದ್ದ ಅವಳು ಗೋಪುರ, ರತ್ನ, ಮಾಂತ್ರಿಕರ ವಿಷಯವನ್ನೆಲ್ಲ ಹೂಂಗುಟ್ಟುತ್ತ ಕೇಳಿ, ಆನೆಮೊಗದವನ ಪ್ರಸ್ತಾಪ ಬಂದಾಗ ಕೈನಿಲ್ಲಿಸಿ, “ಅಯ್ಯೋ, ಅದನ್ನು ಎಷ್ಟು ವರ್ಷ ಹಾಗೆ ಕೂಡಿಹಾಕಿದ್ದರಪ್ಪ?” ಎಂದು ಕೇಳಿದಳು.